ಮುಂಗಡ ಕೊಡುವ ಮೊದಲೇ ವಕೀಲರು ಬೇಕು: ಆ ಊರಿನ ದಾಖಲೆ ಬಲ್ಲವರನ್ನು ಹುಡುಕುವ ಬಗೆ

ಭಾನುವಾರ ಸೈಟು ನೋಡುತ್ತಾರೆ. ಮೂಲೆ ಸೈಟು, ಪೂರ್ವ ದಿಕ್ಕು, ಮುಂದೆ ಮೂವತ್ತು ಅಡಿ ರಸ್ತೆ. ಇನ್ನೊಂದು ಪಾರ್ಟಿ ಸಂಜೆ ಬರುತ್ತಿದೆ ಎಂದು ಬ್ರೋಕರ್ ಹೇಳುತ್ತಾನೆ. ಎರಡು ಲಕ್ಷ ಟೋಕನ್ ಅಲ್ಲೇ ಹೋಗುತ್ತದೆ. ಸೋಮವಾರ ಜೆರಾಕ್ಸ್ ಪ್ರತಿಗಳ ಒಂದು ಕಟ್ಟು ಹಿಡಿದುಕೊಂಡು ವಕೀಲರ ಹುಡುಕಾಟ ಶುರುವಾಗುತ್ತದೆ. ನಮ್ಮಲ್ಲಿ ಆಸ್ತಿ ಖರೀದಿ ಹೆಚ್ಚಾಗಿ ನಡೆಯುವುದು ಈ ಕ್ರಮದಲ್ಲೇ, ತೊಂದರೆಯ ಬೇರೂ ಇಲ್ಲೇ ಇದೆ. ಹಣ ಕೈಬಿಟ್ಟ ಮೇಲೆ "ಬೇಡ" ಎನ್ನುವ ವಕೀಲರು ನಷ್ಟ ತರುವವರಂತೆ ಕಾಣುತ್ತಾರೆ. ಆಗ ಮನಸ್ಸು ತನಗೆ ಅರಿವಿಲ್ಲದೆಯೇ "ಪರವಾಗಿಲ್ಲ, ತಗೊಳ್ಳಿ" ಎನ್ನುವವರನ್ನು ಹುಡುಕತೊಡಗುತ್ತದೆ. ಅಂಥವರು ಸಿಕ್ಕೇ ಸಿಗುತ್ತಾರೆ.

ಆದ್ದರಿಂದ ಯಾವ ತಾಲ್ಲೂಕಿನಲ್ಲಿ ಆಸ್ತಿ ಕೊಳ್ಳಬೇಕು ಎಂದು ಮನಸ್ಸು ಮಾಡಿದ ದಿನವೇ ಅಲ್ಲಿನ ವಕೀಲರನ್ನು ಗೊತ್ತುಮಾಡಿಕೊಳ್ಳಿ. ಸೈಟು ಆಮೇಲೆ ಸಿಗಲಿ. ಟೋಕನ್ ಕೊಡಲೇಬೇಕಾದ ಸಂದರ್ಭ ಬಂದರೆ ಸಣ್ಣ ಮೊತ್ತ ಕೊಟ್ಟು, "ದಾಖಲೆ ಪರಿಶೀಲನೆಯಲ್ಲಿ ಖರೀದಿದಾರರ ವಕೀಲರಿಗೆ ತೃಪ್ತಿಯಾಗದಿದ್ದರೆ ಇಷ್ಟು ದಿನದೊಳಗೆ ಪೂರ್ತಿ ಮುಂಗಡ ವಾಪಸ್" ಎಂಬ ಒಂದು ಸಾಲನ್ನು ರಸೀದಿಯಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ. ಆ ಸಾಲಿಗೆ ಒಪ್ಪದ ಮಾರಾಟಗಾರರಿಂದ ಕೊಳ್ಳುವ ಅವಸರ ಯಾರಿಗೂ ಬೇಡ.

ಸ್ಥಳೀಯ ಎಂದರೆ ಮನೆಯ ಹತ್ತಿರದ ವಕೀಲರು ಎಂದಲ್ಲ

ಬೆಂಗಳೂರಿನ ಜಯನಗರದಲ್ಲಿ ಇರುವವರು ಪುತ್ತೂರಿನಲ್ಲಿ ತೋಟ ಕೊಳ್ಳುವಾಗ ಜಯನಗರದ ವಕೀಲರು ಸ್ಥಳೀಯರಾಗುವುದಿಲ್ಲ. ಆಸ್ತಿ ಇರುವ ತಾಲ್ಲೂಕಿನ ಕಚೇರಿ, ಸಬ್‌ರಿಜಿಸ್ಟ್ರಾರ್ ಆಫೀಸು, ಉಪವಿಭಾಗಾಧಿಕಾರಿಗಳ ನ್ಯಾಯಾಲಯ, ಅಲ್ಲಿನ ಸಿವಿಲ್ ಕೋರ್ಟು ಇವುಗಳಲ್ಲಿ ದಿನಾ ಓಡಾಡುವವರೇ ಸ್ಥಳೀಯರು. ಇದಕ್ಕೆ ಕಾರಣ ಕರ್ನಾಟಕದ ಜಮೀನಿನ ಚರಿತ್ರೆ. ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು, ಹೀಗೆ ಐದು ಕಡೆಯಿಂದ ಬಂದ ನಾಡು ಇದು. ಕಾಯ್ದೆ ಈಗ ಒಂದೇ ಆದರೂ ಹಳೆಯ ದಾಖಲೆಗಳ ಭಾಷೆ ಒಂದಲ್ಲ.

ದಕ್ಷಿಣ ಕನ್ನಡದ ಪತ್ರದಲ್ಲಿ ವರ್ಗ (ಪಟ್ಟಾ ಜಮೀನು), ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ ಎಂದಿರುತ್ತದೆ. ಕುಮ್ಕಿ ಸರ್ಕಾರಿ ಜಾಗ. ವರ್ಗದಾರನಿಗೆ ಅಲ್ಲಿ ಇರುವುದು ಸೊಪ್ಪು, ಸೌದೆಯಂಥ ಸವಲತ್ತು ಮಾತ್ರ. ಅನುಭೋಗದಲ್ಲಿದೆ ಎಂದು ತೋರಿಸಿ ಅದನ್ನೂ ಸೇರಿಸಿ ಬೆಲೆ ಕಟ್ಟುವುದು ಅಲ್ಲಿ ಸಾಮಾನ್ಯ. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನ ಕುಟುಂಬಗಳ ಹಳೆಯ ವಿಭಾಗಪತ್ರದಲ್ಲಿ ಕವರು (ಕುಟುಂಬದ ಕವಲು), ನಿಸ್ಸಂತತಿ ಕವರು (ವಂಶ ಮುಂದುವರಿಸುವ ಹೆಣ್ಣಿಲ್ಲದ ಕವಲು) ಎಂಬ ಪದಗಳು ಬರುತ್ತವೆ. 1949ರ ಅಳಿಯಸಂತಾನ ಕಾಯ್ದೆಯಡಿ ನಿಸ್ಸಂತತಿ ಕವರಿಗೆ ಬಂದ ಪಾಲು ಎಷ್ಟೋ ಸಂದರ್ಭಗಳಲ್ಲಿ ಜೀವಿತಾವಧಿಗೆ ಮಾತ್ರ ಸೀಮಿತ. ಇದು ತಿಳಿಯದವರು ಆ ಪತ್ರವನ್ನು ಸಾಮಾನ್ಯ ಪಾಲುಪಟ್ಟಿಯಂತೆ ಓದಿಬಿಡುತ್ತಾರೆ. ಕೊಡಗಿನಲ್ಲಿ ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿದ ಗುಡ್ಡದ ಜಾಗ) ಇವೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಹೊಂದಿದ ಬೆಟ್ಟ ಇರುತ್ತದೆ. ಬೆಳಗಾವಿ, ಧಾರವಾಡದ ಕಡೆ ಪಹಣಿಗೆ (ಜಮೀನಿನ ಹಕ್ಕು, ಸಾಗುವಳಿಯ ದಾಖಲೆ) ಉತಾರ ಎನ್ನುತ್ತಾರೆ. ಪಟ್ಟಣದ ಆಸ್ತಿಗೆ ಸಿಟಿ ಸರ್ವೆ ನಂಬರು, ಜಮೀನಿಗೆ ವತನದ (ಗ್ರಾಮ ಸೇವೆಗೆ ಪ್ರತಿಯಾಗಿ ಕೊಟ್ಟ ಹಿಡುವಳಿ) ಹಿನ್ನೆಲೆ ಇರುವುದೂ ಉಂಟು. ಹಳೆ ಮೈಸೂರಿನಲ್ಲಿ ತೋಟಿ, ತಳವಾರ, ನೀರಗಂಟಿ ಮುಂತಾದ ಊರ ಸೇವಕರಿಗೆ ಕೊಟ್ಟ ಇನಾಮಿನ ಜಮೀನುಗಳಿವೆ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಡಿ ಅವು ಮರುಮಂಜೂರಾಗಿದ್ದರೆ, ಮರುಮಂಜೂರಾದ ದಿನಾಂಕ ಯಾವುದು, ಮಾರಿದ್ದು ಯಾವಾಗ ಎಂಬುದರ ಮೇಲೆ ಇಡೀ ಹಕ್ಕು ನಿಂತಿರುತ್ತದೆ.

ಇವನ್ನೆಲ್ಲ ಪುಸ್ತಕ ನೋಡಿ ಕಲಿಯಬಹುದು. ಆದರೆ "ಈ ಸರ್ವೆ ನಂಬರು ಮೊದಲು ಗೋಮಾಳವಾಗಿತ್ತು, ಎಪ್ಪತ್ತರ ದಶಕದಲ್ಲಿ ಹಲವರಿಗೆ ದರಖಾಸ್ತಿನಲ್ಲಿ ಮಂಜೂರಾಯಿತು, ಅದರಲ್ಲಿ ಕೆಲವರ ಕಡತ ಇಲ್ಲ" ಎಂಬ ಮಾತು ಹೇಳಬಲ್ಲವರು ಅಲ್ಲೇ ವಕಾಲತ್ತು ಮಾಡಿದವರು ಮಾತ್ರ.

ಇಸಿ ಹೇಳದ ಸಂಗತಿಗಳು

ಋಣಭಾರ ಪತ್ರ, ಅಂದರೆ ಇಸಿ, ತೆಗೆದು ನೋಡಿದರೆ ಸಾಕು ಎಂಬ ನಂಬಿಕೆ ಬಹಳ ಜನಕ್ಕಿದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್ 1ರಿಂದ ಈಚಿನ ಇಸಿ ಮನೆಯಲ್ಲೇ ಕೂತು ಪಡೆಯಬಹುದು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಕೊಟ್ಟು ಕೈಬರಹದ ಸೂಚಿಗಳಲ್ಲಿ ಹುಡುಕಿಸಬೇಕು. ಇಲ್ಲೇ ಮೊದಲ ಎಡವಟ್ಟು. ಹೊಸ ಸಬ್‌ರಿಜಿಸ್ಟ್ರಾರ್ ಆಫೀಸುಗಳು ಹುಟ್ಟಿದಂತೆ ಊರುಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿವೆ. ಈಗಿನ ಕಚೇರಿಯಲ್ಲಿ ಮಾತ್ರ ಹುಡುಕಿಸಿದರೆ ಹಳೆಯ ಅಡಮಾನವೋ ಕ್ರಯವೋ ಕಾಣದೆ "ನಿಲ್" ಬರುತ್ತದೆ. ಯಾವ ಇಸವಿಯವರೆಗೆ ಆ ಗ್ರಾಮ ಯಾವ ಕಚೇರಿಗೆ ಸೇರಿತ್ತು ಎಂಬುದು ಸ್ಥಳೀಯ ವಕೀಲರಿಗೆ ಬಾಯಿಪಾಠ. ಅರ್ಜಿಯಲ್ಲಿ ಕೊಟ್ಟ ಸರ್ವೆ ನಂಬರು, ಸೈಟು ನಂಬರು, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಪತ್ರದಲ್ಲಿರುವಂತೆಯೇ ಇಲ್ಲದಿದ್ದರೂ ನಿಲ್ ಬರುತ್ತದೆ. ಹೀಗಾಗಿ ಜಮೀನು ನಿವೇಶನಗಳಾದ ಆಸ್ತಿಯಾದರೆ ಮೂಲ ಸರ್ವೆ ನಂಬರಿನ ಮೇಲೂ ಬೇರೆ ಇಸಿ ತೆಗೆಸಬೇಕು.

ಇನ್ನು ಇಸಿಯೊಳಗೆ ಬರುವುದೇ ಇಲ್ಲದ ವಿಷಯಗಳು. ಸಿವಿಲ್ ಕೋರ್ಟಿನಲ್ಲಿ ನಡೆಯುತ್ತಿರುವ ವಿಭಾಗದ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣುವುದಿಲ್ಲ. ಆದರೆ ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರಾಗಬೇಕಾಗುತ್ತದೆ, ಅವರಿಗೆ ದಾವೆ ಗೊತ್ತಿರಲಿ ಇಲ್ಲದಿರಲಿ. ನೋಂದಣಿಯಾಗದ ಕರಾರು, ನೋಂದಣಿಯಾಗದ ಉಯಿಲು, ಬಾಯಿಮಾತಿನ ಪಾಲು, ಭೂ ನ್ಯಾಯಮಂಡಳಿಯಲ್ಲಿ ಗೇಣಿದಾರರು ಹಕ್ಕು ಕೇಳಿ ಕೊಟ್ಟ ನಮೂನೆ 7ರ ಅರ್ಜಿ ಇವೂ ಬರುವುದಿಲ್ಲ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಇಸಿಯಲ್ಲಿ ಕಾಣದೇ ಇರಬಹುದು. ಅದಕ್ಕೆ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಶುಲ್ಕ ಕಟ್ಟಿ ಹುಡುಕಬೇಕು.

ಎಲ್ಲಕ್ಕಿಂತ ಹೆಚ್ಚು ಮನೆ ಮುರಿದಿರುವುದು ಎರಡು. ಮೊದಲನೆಯದು ಪಿಟಿಸಿಎಲ್ ಎಂದೇ ಎಲ್ಲರೂ ಕರೆಯುವ 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಕ್ರಯ ಅಸಿಂಧು. ಜಮೀನು ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಹಿಂದಿರುಗುತ್ತದೆ. ಅವರ ಬದುಕಿನ ಆಸರೆಗಾಗಿ ಬಂದ ಕಾಯ್ದೆ ಇದು, ಅದು ಇರಬೇಕಾದದ್ದೇ. ತಪ್ಪು ಇರುವುದು ಮಂಜೂರಾತಿಯನ್ನು ಮುಚ್ಚಿಟ್ಟು ಮಾರುವವರಲ್ಲಿ, ನೋಡದೆ ಸಹಿ ಹಾಕುವ ಪರಿಶೀಲಕರಲ್ಲಿ. ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳಿತು. ವಿಳಂಬದ ಪ್ರಶ್ನೆ ಕೋರ್ಟುಗಳಲ್ಲಿ ಇನ್ನೂ ವಾದವಾಗುತ್ತಲೇ ಇದೆ. ಹಾಗಾಗಿ ಜಮೀನು ಮೂರು ಕೈ ಬದಲಾಗಿದೆ, ಮೂವತ್ತು ವರ್ಷವಾಗಿದೆ ಎಂಬ ಸಮಾಧಾನ ಇಲ್ಲಿ ನಡೆಯದು. ಮೂಲ ಮಂಜೂರಾತಿ ಯಾರಿಗೆ, ಯಾವ ಷರತ್ತಿನ ಮೇಲೆ ಆಯಿತು ಎಂಬುದನ್ನು ತಾಲ್ಲೂಕು ಕಚೇರಿಯ ಕಡತದಲ್ಲಿ ನೋಡಬೇಕು. ಪಿಟಿಸಿಎಲ್ ಪ್ರಕರಣ ಬಾಕಿ ಇಲ್ಲ ಎಂದು ಉಪವಿಭಾಗಾಧಿಕಾರಿ ಕಚೇರಿಯಿಂದ ಹಿಂಬರಹ (ಲಿಖಿತ ಉತ್ತರ) ಪಡೆಯಬೇಕು.

ಎರಡನೆಯದು ಭೂಸ್ವಾಧೀನ. ಡಾ. ಶಿವರಾಮ ಕಾರಂತ ಬಡಾವಣೆಯ ಸಂಗತಿ ಬೆಂಗಳೂರಿನ ಉತ್ತರ ಭಾಗದಲ್ಲಿ ಎಲ್ಲರಿಗೂ ಗೊತ್ತು. 17 ಹಳ್ಳಿಗಳ ಸುಮಾರು 3,546 ಎಕರೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ, ಪ್ರಾಥಮಿಕ ಅಧಿಸೂಚನೆ ಹೊರಡಿಸಿದ್ದು 2008ರ ಡಿಸೆಂಬರ್ 30ರಂದು. ಆಮೇಲೆ ವರ್ಷಗಟ್ಟಲೆ ಏನೂ ನಡೆಯದಂತೆ ಕಂಡಿತು, ಹೈಕೋರ್ಟಿನಲ್ಲಿ ಸ್ವಾಧೀನ ರದ್ದೂ ಆಯಿತು, ಜನ ಸೈಟು ಕೊಂಡರು, ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಬಡಾವಣೆ ಮಾಡಲೇಬೇಕೆಂದು ತೀರ್ಪು ಕೊಟ್ಟಿತು. ಕಟ್ಟಿದ ಮನೆಗಳ ಪೈಕಿ ಯಾವುದನ್ನು ಉಳಿಸಬಹುದು ಎಂದು ಪರಿಶೀಲಿಸಲು ನಿವೃತ್ತ ನ್ಯಾಯಮೂರ್ತಿಗಳ ಸಮಿತಿಯನ್ನೇ ನೇಮಿಸಬೇಕಾಯಿತು. ಇಸಿಯಲ್ಲಿ ಸಾಲವಿಲ್ಲದಿದ್ದರೂ, ಕ್ರಯಪತ್ರ ನೋಂದಣಿಯಾಗಿದ್ದರೂ ಇಂಥದ್ದು ತಪ್ಪುವುದಿಲ್ಲ. ನೋಡಬೇಕಾಗಿದ್ದದ್ದು ರಾಜ್ಯಪತ್ರದ ಅಧಿಸೂಚನೆಯ ಪಟ್ಟಿ. ಬಿಡಿಎ ಕಾಯ್ದೆಯ 17 ಮತ್ತು 19ನೇ ಕಲಂ, ಕೈಗಾರಿಕಾ ಪ್ರದೇಶಗಳ (ಕೆಐಎಡಿಬಿ) ಕಾಯ್ದೆಯ 28(1) ಮತ್ತು 28(4) ಅಧಿಸೂಚನೆಗಳಲ್ಲಿ ನಿಮ್ಮ ಸರ್ವೆ ನಂಬರು ಇದೆಯೇ ಎಂದು ನೋಡುವುದು ವಕೀಲರ ಕೆಲಸದ ಭಾಗವಾಗಿರಬೇಕು. ಪ್ರಾಥಮಿಕ ಅಧಿಸೂಚನೆ ಮಾತ್ರ ಆಗಿದೆ, ಅಂತಿಮ ಆಗಿಲ್ಲ ಎಂದರೆ ಸುಮ್ಮನಾಗುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಹೆಸರುಗಳು ಎಲ್ಲಿ ಸಿಗುತ್ತವೆ

ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ಜಾಹೀರಾತು ಕೊಡುವಂತಿಲ್ಲ. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ವಕೀಲರ ಸೇವೆಯನ್ನು ಸರಕಿನಂತೆ ಪಟ್ಟಿಮಾಡುವ ಜಾಲತಾಣಗಳ ವಿರುದ್ಧ ಕ್ರಮಕ್ಕೆ ಸೂಚಿಸಿತು. ಆದ್ದರಿಂದ ಅಂತರ್ಜಾಲದಲ್ಲಿ ಕಾಣುವ "ಟಾಪ್ 10 ಪ್ರಾಪರ್ಟಿ ಲಾಯರ್" ಪಟ್ಟಿಗಳನ್ನು ಆಯ್ಕೆಗೆ ಆಧಾರ ಮಾಡಿಕೊಳ್ಳಬೇಡಿ. ನಿಜವಾದ ದಾರಿ ಹಳೆಯದೇ. ಆ ತಾಲ್ಲೂಕಿನ ಕೋರ್ಟ್ ಆವರಣದ ವಕೀಲರ ಸಂಘಕ್ಕೆ ಹೋಗಿ "ಸಿವಿಲ್ ಕಡೆ, ಅದರಲ್ಲೂ ಜಮೀನಿನ ಕೆಲಸ ಯಾರು ಮಾಡುತ್ತಾರೆ" ಎಂದು ಮೂರು ಜನರನ್ನು ಬೇರೆಬೇರೆಯಾಗಿ ಕೇಳಿ. ಎರಡು ಬಾಯಲ್ಲಿ ಬಂದ ಹೆಸರು ಗುರುತು ಹಾಕಿಕೊಳ್ಳಿ. ಅದೇ ಬಡಾವಣೆಯಲ್ಲಿ ಐದಾರು ವರ್ಷದ ಹಿಂದೆ ಕೊಂಡವರನ್ನು ಕೇಳಿ. ನಿನ್ನೆ ಮೊನ್ನೆ ಕೊಂಡವರ ಮೆಚ್ಚುಗೆಗೆ ಅಷ್ಟು ತೂಕವಿಲ್ಲ, ಏಕೆಂದರೆ ಹಕ್ಕಿನ ದೋಷ ಹೊರಬರಲು ಸಮಯ ಹಿಡಿಯುತ್ತದೆ. ಸಾಲ ಕೊಡುವ ಬ್ಯಾಂಕಿನ ಸ್ಥಳೀಯ ಶಾಖೆಯಲ್ಲಿ ಅವರ ಪ್ಯಾನಲ್ ವಕೀಲರು ಯಾರು ಎಂದು ವಿಚಾರಿಸಿ. ನಿಮಗೆ ಬೇಕಿರುವುದು ಹೆಸರು ಮಾತ್ರ. ಬ್ಯಾಂಕಿಗೆ ಅವರು ಕೊಡುವ ವರದಿಯನ್ನೇ ನಿಮ್ಮ ವರದಿ ಎಂದು ಭಾವಿಸಬೇಡಿ.

ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರಹಗಾರರು ಮತ್ತು ನೋಟರಿಗಳ ಬಗ್ಗೆ ಒಂದು ಮಾತು. ಪತ್ರ ಬರಹಗಾರರಿಗೆ ಸ್ಟಾಂಪು ಲೆಕ್ಕ, ಕಚೇರಿಯ ನಡಾವಳಿ ಚೆನ್ನಾಗಿ ಗೊತ್ತು, ಒಳ್ಳೆಯ ವಕೀಲರ ಹೆಸರನ್ನೂ ಹೇಳಬಲ್ಲರು. ಆದರೆ ಹಕ್ಕು ಪರಿಶೀಲನೆ ಅವರ ಕೆಲಸವಲ್ಲ. ನೋಟರಿ ಮುದ್ರೆ ಬಿದ್ದ ಕರಾರಿನಿಂದ ಹಕ್ಕು ವರ್ಗವಾಗುವುದಿಲ್ಲ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಕರಾರಿನ ಮೇಲಷ್ಟೇ ಮಾಡಿಕೊಂಡ "ಮಾರಾಟ" ಮಾರಾಟವೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ.

ಹೆಸರು ಸಿಕ್ಕ ಮೇಲೆ ಪರೀಕ್ಷೆ. ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಕೆಎಆರ್ ಎಂಬ ಅಕ್ಷರಗಳಿಂದ ಶುರುವಾಗಿ ಕ್ರಮಸಂಖ್ಯೆ, ಇಸವಿ ಹೊಂದಿರುತ್ತದೆ. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟು ಆರಿಸಿ ವಕೀಲರ ಹೆಸರಿನ ಮೇಲೆ ಹುಡುಕಿದರೆ ಅವರು ನಡೆಸುವ ಪ್ರಕರಣಗಳ ಪಟ್ಟಿ ಬರುತ್ತದೆ. ಅದರಲ್ಲಿ ಓಎಸ್ ಅಂದರೆ ಮೂಲ ದಾವೆಗಳು, ಎಫ್‌ಡಿಪಿ ಅಂದರೆ ವಿಭಾಗದ ಅಂತಿಮ ಡಿಕ್ರಿ ಪ್ರಕರಣಗಳು ಎಷ್ಟಿವೆ ನೋಡಿ. ಪಟ್ಟಿ ತುಂಬ ಚೆಕ್ ಬೌನ್ಸು, ಅಪಘಾತ ಪರಿಹಾರವೇ ಇದ್ದರೆ ಅವರು ಒಳ್ಳೆಯ ವಕೀಲರೇ ಆಗಿರಬಹುದು, ನಿಮ್ಮ ಕೆಲಸಕ್ಕಲ್ಲ. ವಿಭಾಗದ ದಾವೆಗಳನ್ನು ನಡೆಸಿದವರಿಗೆ ಕ್ರಯಪತ್ರ ಎಲ್ಲಿ ಮುರಿಯುತ್ತದೆ ಎಂಬುದು ಅನುಭವದಿಂದ ಗೊತ್ತಿರುತ್ತದೆ. ಕೋರ್ಟಿಗೆ ಹೋಗದೆ ಬರೀ ದಾಖಲೆ ಪರಿಶೀಲನೆ ಮಾಡುವ ನುರಿತವರೂ ಇದ್ದಾರೆ. ಅವರಾದರೆ ಹಳೆಯ ವರದಿಯೊಂದನ್ನು, ಕಕ್ಷಿದಾರರ ಹೆಸರು ಮುಚ್ಚಿ, ಮಾದರಿಗೆ ತೋರಿಸಲು ಕೇಳಬಹುದು.

ಯಾರ ವಕೀಲರು ಎಂಬ ಪ್ರಶ್ನೆ

ಜಾಣ್ಮೆಗಿಂತ ಮೇಲೆ ಇಡಬೇಕಾದ ಗುಣ ಇದು. ಬ್ರೋಕರ್ ಕರೆತಂದ ವಕೀಲರು, ಬಡಾವಣೆ ಮಾಡಿದವರು "ನಮ್ಮ ಲಾಯರೇ ಎಲ್ಲರಿಗೂ ಮಾಡಿಕೊಡುತ್ತಾರೆ" ಎಂದು ತೋರಿಸುವ ವಕೀಲರು, ಮಾರಾಟಗಾರರ ಕುಟುಂಬದ ದಾವೆ ನಡೆಸಿದ ವಕೀಲರು, ಈ ಮೂವರೂ ಬೇಡ. ಒಂದು ವಿಷಯದಲ್ಲಿ ಒಬ್ಬರ ಪರ ಕೆಲಸ ಮಾಡಿದವರು ಎದುರು ಕಕ್ಷಿಗೆ ಕೆಲಸ ಮಾಡಬಾರದು ಎಂದು ಪರಿಷತ್ತಿನ 33ನೇ ನಿಯಮವೇ ಇದೆ. ನೇರವಾಗಿ ಕೇಳಿ: "ಮಾರಾಟಗಾರರಿಗೆ, ಡೆವಲಪರ್‌ಗೆ, ಈ ಬ್ರೋಕರ್‌ಗೆ ನೀವು ಹಿಂದೆ ಕೆಲಸ ಮಾಡಿದ್ದೀರಾ?" ಚಿಕ್ಕ ಊರಿನಲ್ಲಿ ಎಲ್ಲರಿಗೂ ಎಲ್ಲರ ಪರಿಚಯ ಇರುತ್ತದೆ, ಪರಿಚಯವೇ ದೋಷವಲ್ಲ. ಕೇಳಿದಾಗ ಬಿಚ್ಚಿ ಹೇಳುವವರನ್ನು ನಂಬಬಹುದು.

ಬ್ಯಾಂಕ್ ಸಾಲ ಮಂಜೂರಾಗಿದೆ, ಅವರ ವಕೀಲರು ನೋಡಿದ್ದಾರೆ ಎಂಬುದೂ ಸಾಕಾಗುವುದಿಲ್ಲ. ಆ ವರದಿ ಬ್ಯಾಂಕಿಗಾಗಿ ಬರೆದದ್ದು. ಬ್ಯಾಂಕಿಗೆ ಆಸ್ತಿಯ ಜೊತೆಗೆ ನಿಮ್ಮ ಸಂಬಳವೂ ಭದ್ರತೆಯೇ. ಆಸ್ತಿ ಕೈಬಿಟ್ಟರೂ ಕಂತು ನಿಲ್ಲುವುದಿಲ್ಲ.

ಸಂಭಾವನೆ ಹೇಗೆ ಗೊತ್ತುಮಾಡುತ್ತೀರಿ ಎಂಬುದೂ ಇದರ ಭಾಗ. ಆಸ್ತಿ ಬೆಲೆಯ ಇಷ್ಟು ಶೇಕಡ ಎಂದೋ, ನೋಂದಣಿಯಾದ ಮೇಲೆ ಕೊಡುವುದೆಂದೋ ಒಪ್ಪಬೇಡಿ. ವ್ಯವಹಾರ ಕುದುರಿದರೆ ಮಾತ್ರ ದುಡ್ಡು ಎಂದಾದರೆ "ಬೇಡ" ಎನ್ನುವ ಸ್ವಾತಂತ್ರ್ಯವನ್ನು ನೀವೇ ಕಿತ್ತುಕೊಂಡಂತೆ. ಪರಿಶೀಲನೆಗೆ ಇಷ್ಟು, ಕರಾರು ಮತ್ತು ಕ್ರಯಪತ್ರ ಕರಡಿಗೆ ಇಷ್ಟು, ನೋಂದಣಿ ದಿನ ಹಾಜರಿಗೆ ಇಷ್ಟು ಎಂದು ಬಿಡಿಬಿಡಿಯಾಗಿ ಮೊದಲೇ ಬರೆಸಿಕೊಳ್ಳಿ. ಸರ್ಕಾರಿ ಶುಲ್ಕಗಳಿಗೆ ರಸೀದಿ ಕೇಳಿ. ಪರಿಶೀಲನೆಯ ಹಣವನ್ನು ಉತ್ತರ ಏನೇ ಬರಲಿ ಕೊಡುತ್ತೇನೆ ಎಂದು ಹೇಳಿಯೇ ಕೆಲಸ ಒಪ್ಪಿಸಿ. ಒಂದು ಹೋಲಿಕೆ ಕೊಡುತ್ತೇನೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ ಮೇಲೆ, ನಗರದಲ್ಲಿ 60 ಲಕ್ಷದ ಸೈಟಿಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಎಲ್ಲ ಸೇರಿ ಸುಮಾರು ಶೇ 7.6, ಅಂದರೆ 4.56 ಲಕ್ಷ ಸರ್ಕಾರಕ್ಕೆ ಹೋಗುತ್ತದೆ. ಅಷ್ಟು ಕೊಡುವವರು ವಕೀಲರ ಹತ್ತಿರ ಕೆಲವು ಸಾವಿರಕ್ಕೆ ಚೌಕಾಸಿ ಮಾಡಿ, ಎರಡು ದಿನದಲ್ಲಿ ವರದಿ ಕೊಡಿ ಎನ್ನುವುದು ಸರಿಯಲ್ಲ. ಕಚೇರಿಗಳಿಂದ ಪ್ರತಿಗಳು ಬರಲೇ ವಾರಗಳು ಬೇಕು.

ಮೊದಲ ಭೇಟಿಯಲ್ಲಿ ಗಮನಿಸಬೇಕಾದದ್ದು

ಒಳ್ಳೆಯ ವಕೀಲರು ಮೊದಲ ಭೇಟಿಯಲ್ಲೇ ನಿಮಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾರೆ. ಮಾರುವವರಿಗೆ ಆಸ್ತಿ ಹೇಗೆ ಬಂತು, ಸ್ವಂತ ಸಂಪಾದನೆಯೋ ಪಿತ್ರಾರ್ಜಿತವೋ? ಅಕ್ಕತಂಗಿಯರು ಎಷ್ಟು ಜನ? ಯಾರಾದರೂ ಅಪ್ರಾಪ್ತರಿದ್ದಾರಾ? ಈಗ ಅನುಭವದಲ್ಲಿ ಯಾರಿದ್ದಾರೆ? ಮೂಲ ಪತ್ರಗಳು ಎಲ್ಲಿವೆ? ನೀವು ತಂದ ಜೆರಾಕ್ಸ್ ಕಟ್ಟನ್ನು ತಿರುವಿ ಹಾಕಿ "ಸರಿಯಿದೆ" ಎಂದವರ ಹತ್ತಿರ ಎರಡನೆಯ ಸಲ ಹೋಗಬೇಡಿ. ಮಾರಾಟಗಾರರು ಕೊಟ್ಟ ಜೆರಾಕ್ಸ್ ಮೇಲೆ ವರದಿ ಬರೆಯುವುದಿಲ್ಲ, ದೃಢೀಕೃತ ನಕಲುಗಳನ್ನು ಕಚೇರಿಯಿಂದಲೇ ತೆಗೆಸುತ್ತೇನೆ ಎನ್ನುವವರು ಬೇಕು. ತಿದ್ದಿದ ಪುಟ, ಬದಲಾದ ವಿಸ್ತೀರ್ಣ, ಕಾಣೆಯಾದ ಷೆಡ್ಯೂಲು (ಆಸ್ತಿಯ ವಿವರ) ಸಿಕ್ಕಿಬೀಳುವುದು ಎರಡನ್ನೂ ಪಕ್ಕಪಕ್ಕ ಇಟ್ಟಾಗ.

ಎಷ್ಟು ವರ್ಷ ಹಿಂದಕ್ಕೆ ನೋಡುತ್ತೀರಿ ಎಂದು ಕೇಳಿ. 13 ವರ್ಷ ಎಂಬ ಉತ್ತರ ಈಗಲೂ ಸಿಗುತ್ತದೆ, ಅದು ಸಾಲದು. ಸರ್ಕಾರ ತನ್ನ ಜಾಗಕ್ಕಾಗಿ ದಾವೆ ಹೂಡಲು ಕಾಲಮಿತಿ 30 ವರ್ಷ. ಕನಿಷ್ಠ ಅಷ್ಟಾದರೂ ಹೋಗಬೇಕು. ಜಮೀನಿನ ಮೂಲವಿದ್ದರೆ 1974ರ ಆಚೆಗೂ ಹೋಗಬೇಕು, ಏಕೆಂದರೆ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದ್ದು (ಕಾನೂನಿನ ಮಾತಲ್ಲಿ ವಿಹಿತವಾದದ್ದು) 1974ರ ಮಾರ್ಚ್ 1ರಂದು. ಆ ದಿನ ಪಹಣಿಯಲ್ಲಿ ಸಾಗುವಳಿದಾರರ ಕಲಂನಲ್ಲಿ ಯಾರ ಹೆಸರಿತ್ತು ಎಂಬುದು ಮುಖ್ಯ. ಪಹಣಿಯಲ್ಲಿ 9ನೇ ಕಲಂನ ಮಾಲೀಕರ ಹೆಸರು ನೋಡಿ ಎಲ್ಲರೂ ಸುಮ್ಮನಾಗುತ್ತಾರೆ. 10ನೇ ಕಲಂನ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರು ಹಿಡಿದು ಆ ಎಂಆರ್ (ಮ್ಯುಟೇಷನ್ ರಿಜಿಸ್ಟರ್) ಪ್ರತಿ ತೆಗೆಸುವುದು, 11ರ ಋಣ ಮತ್ತು ಇತರ ಹಕ್ಕು ಓದುವುದು, 12ರ ಸಾಗುವಳಿ ಹೆಸರನ್ನು 9ರೊಂದಿಗೆ ಹೋಲಿಸುವುದು, ನಿಜವಾದ ಪರಿಶೀಲನೆ ಇಲ್ಲಿದೆ. ಸರ್ವೆ ಇಲಾಖೆಯ ವಿಸ್ತೀರ್ಣ ದಾಖಲೆಯಾದ ಆಕಾರಬಂದ್‌ನ ವಿಸ್ತೀರ್ಣಕ್ಕೂ ಪಹಣಿಯ ವಿಸ್ತೀರ್ಣಕ್ಕೂ ತಾಳೆ ಇರಬೇಕು. ಬಿ ಖರಾಬು (ದಾರಿ, ಹಳ್ಳದಂಥ ಸಾಗುವಳಿಯಾಗದ ಜಾಗ) ಸಾರ್ವಜನಿಕ ಬಳಕೆಯದು, ಅದು ಮಾರುವ ಲೆಕ್ಕದಲ್ಲಿ ಸೇರಬಾರದು. ಸರ್ವೆ ನಂಬರಿನ ಒಂದು ಭಾಗ ಕೊಳ್ಳುವಾಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ರಾಜಕಾಲುವೆ, ಕೆರೆ ಅಂಗಳ ಹತ್ತಿರವಿದೆಯೇ ಎಂದು ಗ್ರಾಮ ನಕ್ಷೆಯಲ್ಲೂ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲೂ ನೋಡುವುದು ನಿಮ್ಮಿಂದಲೇ ಆಗುವ ಕೆಲಸ.

ಖಾತೆ ಇದೆ, ಇ-ಖಾತೆ ಬಂದಿದೆ, ಗ್ರಾಮ ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9, 11 ಇದೆ, ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಇ-ಖಾತೆ ಇಲ್ಲದೆ ಈಗ ನೋಂದಣಿಯೇ ಆಗದು, ನಿಜ. ಆದರೆ ಖಾತೆ ತೆರಿಗೆಯ ದಾಖಲೆ, ಹಕ್ಕುಪತ್ರವಲ್ಲ. ಹಕ್ಕು ಇರುವುದು ಮೂಲಪತ್ರದಿಂದ ಇಲ್ಲಿಯವರೆಗಿನ ಕೊಂಡಿಗಳಲ್ಲಿ. ಕೃಷಿ ಜಮೀನನ್ನು ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಪರಿವರ್ತನೆ ಮಾಡಿಸದೆ ತುಂಡುಮಾಡಿದ ರೆವಿನ್ಯೂ ಸೈಟಿಗೂ ಎಲ್ಲೋ ಒಂದು ತೆರಿಗೆ ರಸೀದಿ ಇದ್ದೇ ಇರುತ್ತದೆ.

ಕುಟುಂಬದ ವಿಷಯಕ್ಕೆ ಬಂದರೆ, ವಂಶವೃಕ್ಷ ಇಲ್ಲದ ವರದಿ ಅರ್ಧ ವರದಿ. 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂಬುದರಲ್ಲಿ ಗೊಂದಲ ಉಳಿದಿಲ್ಲ. ತಂದೆ 2005ಕ್ಕೆ ಮೊದಲು ತೀರಿಕೊಂಡಿದ್ದರೂ ಅದು ಅನ್ವಯ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವೋ, ಕೋರ್ಟಿನ ಡಿಕ್ರಿಯಿಂದ ವಿಭಾಗವೋ, ಆಸ್ತಿಯ ಪರಭಾರೆಯೋ ಆಗಿದ್ದರೆ ಬೇರೆ ಮಾತು. ಆದರೂ ಅಣ್ಣತಮ್ಮಂದಿರು ಮಾತ್ರ ಸಹಿ ಹಾಕಿದ ಕ್ರಯಪತ್ರಗಳು ಇಂದಿಗೂ ನೋಂದಣಿಯಾಗುತ್ತಿವೆ. ಸಬ್‌ರಿಜಿಸ್ಟ್ರಾರ್ ಕುಟುಂಬದ ಹಕ್ಕನ್ನು ತೀರ್ಮಾನಿಸುವುದಿಲ್ಲ. ಮದುವೆಯಾಗಿ ಹೋದ ಮಗಳು ನಾಲ್ಕು ವರ್ಷದ ನಂತರ ದಾವೆ ಹಾಕಿದರೆ ಅದು ಅವಳ ನ್ಯಾಯವಾದ ಹಕ್ಕು. ಅವಳನ್ನು ಮೊದಲೇ ಕರೆದು, ಪಾಲಿನ ಹಣ ಅವಳ ಖಾತೆಗೇ ಹೋಗುವಂತೆ ಮಾಡಿ ಸಹಿ ಪಡೆಯಬೇಕಿತ್ತು. ಅಪ್ರಾಪ್ತರ ಪಾಲನ್ನು ತಂದೆತಾಯಿ ಪೋಷಕರಾಗಿ ಮಾರಿದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕಿತ್ತೇ ಎಂಬ ಪ್ರಶ್ನೆ ಏಳುತ್ತದೆ, ಹದಿನೆಂಟು ತುಂಬಿದ ಮೇಲೆ ಮೂರು ವರ್ಷದೊಳಗೆ ಅವರು ಪ್ರಶ್ನಿಸಬಹುದು. ಜಿಪಿಎ ಹಿಡಿದವರು ಮಾರುತ್ತಿದ್ದರೆ ಅಧಿಕಾರ ಕೊಟ್ಟವರು ಇಂದು ಬದುಕಿದ್ದಾರೆಯೇ ಎಂದು ವಕೀಲರು ಅವರೊಡನೆಯೇ ಮಾತಾಡಿ ಖಚಿತಪಡಿಸಿಕೊಳ್ಳಬೇಕು. ಕೊಟ್ಟವರು ತೀರಿಹೋದರೆ ಸಾಮಾನ್ಯ ಜಿಪಿಎ ಅಲ್ಲಿಗೇ ಮುಗಿಯಿತು.

ಫ್ಲ್ಯಾಟಿನ ಪರಿಶೀಲನೆ ಸ್ವಲ್ಪ ಬೇರೆ. ಭೂಮಿಯ ಹಕ್ಕಿನ ಜೊತೆಗೆ ಜಂಟಿ ಅಭಿವೃದ್ಧಿ ಕರಾರು, ಮಂಜೂರಾದ ನಕ್ಷೆ, ಸ್ವಾಧೀನಾನುಭವ ಪತ್ರ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ನೋಡಬೇಕು. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವುದು ರೇರಾದ 13ನೇ ಕಲಂಗೆ ವಿರುದ್ಧ. ಕಟ್ಟಡದಲ್ಲಿ ನಿಮಗೆ ಬರುವ ಫ್ಲ್ಯಾಟು ಭೂಮಾಲೀಕರ ಪಾಲಿನದೋ ಬಿಲ್ಡರ್ ಪಾಲಿನದೋ ಎಂಬುದನ್ನು ಹಂಚಿಕೆ ಪತ್ರದಲ್ಲಿ ನೋಡದೆ ಸಹಿ ಮಾಡಬೇಡಿ.

ಹೊರದೇಶದಲ್ಲಿರುವ ಕನ್ನಡಿಗರು ಊರಿನ ಆಸ್ತಿ ಕೊಳ್ಳುವಾಗ ಅಥವಾ ಮಾರುವಾಗ ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಬೇಕು. ಅದು ರಾಜ್ಯಕ್ಕೆ ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಈ ಗಡುವು ತಪ್ಪಿ ಪತ್ರವನ್ನೇ ಮತ್ತೆ ಮಾಡಿಸಬೇಕಾಗುವುದು ಆಗಾಗ ನಡೆಯುತ್ತದೆ. ಅಧಿಕಾರ ಪತ್ರ ಪಡೆದ ನೆಂಟರೂ ದಾಖಲೆ ಪರಿಶೀಲಿಸುವ ವಕೀಲರೂ ಒಬ್ಬರೇ ಆಗದಂತೆ ನೋಡಿಕೊಳ್ಳಿ. ಮಾರುವವರು ಅನಿವಾಸಿಯಾಗಿದ್ದರೆ, 50 ಲಕ್ಷಕ್ಕೆ ಮೇಲ್ಪಟ್ಟ ವ್ಯವಹಾರದಲ್ಲಿ ಎಲ್ಲರೂ ಕಡಿತ ಮಾಡುವ ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಅನ್ವಯಿಸುವುದಿಲ್ಲ. ಕಡಿತದ ದರ ಬಹಳ ಹೆಚ್ಚು, ಮೊತ್ತ 50 ಲಕ್ಷಕ್ಕಿಂತ ಕಡಿಮೆಯಿದ್ದರೂ ಕಡಿತ ಮಾಡಲೇಬೇಕು, ತಪ್ಪಿಸಿದರೆ ಹೊಣೆ ಖರೀದಿದಾರರದು.

ವರದಿ ಕೈಗೆ ಬಂದಾಗ

"ಹಕ್ಕು ಸ್ವಚ್ಛವಾಗಿದೆ, ಮಾರಾಟಯೋಗ್ಯವಾಗಿದೆ" ಎಂಬ ಒಂದು ಪುಟದ ಕಾಗದ ವರದಿಯಲ್ಲ. ನೋಡಿದ ಪ್ರತಿ ದಾಖಲೆಯ ದಿನಾಂಕ, ನೋಂದಣಿ ಸಂಖ್ಯೆ, ಅದು ಮೂಲವೋ ದೃಢೀಕೃತ ನಕಲೋ ಜೆರಾಕ್ಸೋ ಎಂಬ ಪಟ್ಟಿ ಇರಬೇಕು. ಹಕ್ಕು ಯಾರಿಂದ ಯಾರಿಗೆ ಬಂತು ಎಂಬ ಕಥೆ ಇಸವಿವಾರು ಇರಬೇಕು. ಸಿಗದ ದಾಖಲೆಗಳು ಯಾವುವು, ಅದರಿಂದ ಆಗಬಹುದಾದ ಅಪಾಯವೇನು, ಸರಿಪಡಿಸಲು ಯಾರಿಂದ ಏನು ಬರೆಸಬೇಕು ಎಂಬುದು ಸ್ಪಷ್ಟವಿರಬೇಕು. ಕೊನೆಯಲ್ಲಿ ವಕೀಲರ ಹೆಸರು, ನೋಂದಣಿ ಸಂಖ್ಯೆ, ಸಹಿ, ದಿನಾಂಕ. ಒಂದೂ ಷರತ್ತಿಲ್ಲದ ವರದಿ ಬಂದರೆ ಸಂತೋಷಪಡುವ ಮೊದಲು ಎರಡನೆಯವರಿಗೆ ತೋರಿಸಿ. ನಮ್ಮ ಕಂದಾಯ ದಾಖಲೆಗಳಲ್ಲಿ ಒಂದಾದರೂ ಕೊರತೆ ಇಲ್ಲದ ಆಸ್ತಿ ಅಪರೂಪ. ಪಿತ್ರಾರ್ಜಿತ ಆಸ್ತಿ, ಜಿಪಿಎ ಮಾರಾಟ, ಕಳೆದುಹೋದ ಮೂಲಪತ್ರ ಇಂಥ ಸಂದರ್ಭದಲ್ಲಿ ಎರಡು ಪತ್ರಿಕೆಗಳಲ್ಲಿ, ಒಂದು ಆ ಊರಿನ ಜನ ಓದುವ ಕನ್ನಡ ಪತ್ರಿಕೆಯಾಗಿರುವಂತೆ, ಸಾರ್ವಜನಿಕ ಪ್ರಕಟಣೆ ಕೊಡಿಸಿ ಆಕ್ಷೇಪಣೆಗೆ ಸಮಯ ಬಿಡಿ. ಪ್ರಕಟಣೆಯಿಂದ ಬೇರೆಯವರ ಹಕ್ಕು ಅಳಿಯುವುದಿಲ್ಲ, ಆದರೆ ಮುಚ್ಚಿಟ್ಟ ಜಗಳ ಎಷ್ಟೋ ಸಲ ಅದರಿಂದಲೇ ಹೊರಬರುತ್ತದೆ.

ವಕೀಲರ ಕೆಲಸವೇ ಕೆಟ್ಟರೆ? 2024ರ ಮೇ 14ರ ತೀರ್ಪಿನಲ್ಲಿ ವಕೀಲರ ಸೇವೆ ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಗ್ರಾಹಕ ಆಯೋಗದ ಬಾಗಿಲು ಮುಚ್ಚಿದೆ. ದುರ್ನಡತೆಗೆ ವಕೀಲರ ಕಾಯ್ದೆಯ 35ನೇ ಕಲಂ ಅಡಿ ರಾಜ್ಯ ಪರಿಷತ್ತಿಗೆ ದೂರು, ನಷ್ಟಕ್ಕೆ ಸಿವಿಲ್ ದಾವೆ, ಇಷ್ಟೇ ದಾರಿ. ಎರಡೂ ನಿಧಾನ. ಆರಿಸುವಾಗಲೇ ಇಷ್ಟೆಲ್ಲ ಎಚ್ಚರ ಬೇಕೆನ್ನುವುದು ಅದಕ್ಕೇ. ಮೂಲ ಪತ್ರಗಳನ್ನು ಅವರ ಕಚೇರಿಯಲ್ಲಿ ಬಿಡಬೇಡಿ, ತೋರಿಸಿ ವಾಪಸ್ ತನ್ನಿ. ಸಂಭಾವನೆ ಬಾಕಿ ಇದೆ ಎಂದು ಕಕ್ಷಿದಾರರ ಕಡತ ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ ಎಂಬುದು 2000ದಲ್ಲೇ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿದೆ.

ನೋಂದಣಿಯ ಹಿಂದಿನ ದಿನ ಇಸಿಯನ್ನು ಮತ್ತೊಮ್ಮೆ ತೆಗೆಸಿ. ವರದಿಗೂ ನೋಂದಣಿಗೂ ನಡುವಿನ ಎರಡು ತಿಂಗಳಲ್ಲಿ ಇನ್ನೊಬ್ಬರಿಗೆ ಕರಾರು ನೋಂದಣಿಯಾಗಿರಬಹುದು. ಕ್ರಯಪತ್ರದ ಷೆಡ್ಯೂಲನ್ನು ನೀವೇ ಜೋರಾಗಿ ಓದಿ, ವಕೀಲರು ಮೂಲಪತ್ರ ಹಿಡಿದು ಚಕ್ಕುಬಂದಿ ಹೋಲಿಸಲಿ. ಸಂಭಾವನೆಯಲ್ಲಿ ಒಂದು ಪಾಲನ್ನು ನೋಂದಣಿಯ ನಂತರದ ಕೆಲಸಕ್ಕೆಂದು ಮೊದಲೇ ಬೇರೆ ಗೊತ್ತುಮಾಡಿ ಇಟ್ಟುಕೊಳ್ಳಿ. ಖಾತೆ ಅಥವಾ ಪಹಣಿ ನಿಮ್ಮ ಹೆಸರಿಗೆ ಬಂದು, ಹೊಸ ಇಸಿಯಲ್ಲಿ ನಿಮ್ಮ ಕ್ರಯ ಕಂಡು, ಮೂಲ ಪತ್ರಗಳೆಲ್ಲ ಎಣಿಸಿ ನಿಮ್ಮ ಕೈಗೆ ಬಂದ ದಿನ ಅದನ್ನು ಕೊಟ್ಟು ಲೆಕ್ಕ ಮುಗಿಸಿ.